ಕಳಲೆ ಹಳ್ಳಿಯೋ? ಯಾವ ಕಚೇರಿಯ ಪ್ರಕಾರ?

ಹಳ್ಳಿ ಎಂದರೆ ಏನು? ರಾಜ್ಯಪಾಲರು ಯಾವ ಊರನ್ನು ಹಳ್ಳಿ ಎಂದು ಅಧಿಸೂಚನೆಯಲ್ಲಿ ಹೇಳುತ್ತಾರೋ ಅದು ಹಳ್ಳಿ.

ನಗಬೇಡಿ. ಇದು ಸಂವಿಧಾನದ 243ನೇ ವಿಧಿಯ ತಾತ್ಪರ್ಯ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ. ಪಂಚಾಯಿತಿಗೆ ಅಧಿಕಾರ ಕೊಡುತ್ತೇವೆ, ಗ್ರಾಮಸ್ವರಾಜ್ಯ ತರುತ್ತೇವೆ ಎಂದು ಪುಟಗಟ್ಟಲೆ ಬರೆದವರಿಗೆ ಗ್ರಾಮ ಅಂದರೆ ಏನೆಂದು ಹೇಳುವ ಹೊತ್ತಿಗೆ ಸುಸ್ತಾಗಿತ್ತು. ರಾಜ್ಯಪಾಲರನ್ನು ಕೇಳಿಕೊಳ್ಳಿ ಅಂತ ಬರೆದು ಎದ್ದುಬಿಟ್ಟರು.

ಪಟ್ಟಣದ ವಿಷಯದಲ್ಲಿ ಸ್ವಲ್ಪ ಹೆಚ್ಚು ಬೆವರು ಸುರಿಸಿದ್ದಾರೆ. 74ನೇ ತಿದ್ದುಪಡಿಯಲ್ಲಿ ಜನಸಂಖ್ಯೆ, ಸಾಂದ್ರತೆ, ವರಮಾನ, ಕೃಷಿಯೇತರ ಉದ್ಯೋಗ ಎಲ್ಲ ಇದೆ. ಕೊನೆಗೆ ಒಂದು ಬಾಲ: ರಾಜ್ಯಪಾಲರಿಗೆ ಸೂಕ್ತವೆಂದು ಕಂಡ ಇತರ ಅಂಶಗಳು. ಆ ಇತರ ಅಂಶ ಯಾವ ಪಕ್ಷದ್ದು, ಯಾವ ಶಾಸಕರದ್ದು, ಯಾವ ಲೇಔಟಿನದ್ದು ಎಂಬುದನ್ನು ಮಾತ್ರ ಸಂವಿಧಾನ ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲ. ನಮಗೆಲ್ಲ ಗೊತ್ತು.

ನಂಜನಗೂಡಿನ ಪಕ್ಕದ ಕಳಲೆಯನ್ನೇ ನೋಡಿ. 18ನೇ ಶತಮಾನದಲ್ಲಿ ಈ ಊರಿನ ಮನೆತನದ ದಳವಾಯಿ ದೇವರಾಜಯ್ಯ, ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯ ಶ್ರೀರಂಗಪಟ್ಟಣದಲ್ಲಿ ಕೂತು ಮೈಸೂರು ರಾಜ್ಯ ನಡೆಸಿದರು. ಸಿಂಹಾಸನ ಒಡೆಯರದು, ಆಟ ಕಳಲೆಯವರದು. 1734ರಲ್ಲಿ ಚಾಮರಾಜ ಒಡೆಯರನ್ನೇ ಇಳಿಸಿ ಕಬ್ಬಾಳದುರ್ಗಕ್ಕೆ ಕಳಿಸಿದ ಮನೆತನ ಇದು. ಅರಸನ ಸ್ಥಾನಮಾನ ಏನೆಂದು ತೀರ್ಮಾನಿಸುತ್ತಿದ್ದ ಊರಿಗೆ ಇವತ್ತು ತನ್ನ ಸ್ಥಾನಮಾನ ಏನೆಂದು ತಿಳಿಯಬೇಕಾದರೆ ಐದಾರು ಇಲಾಖೆಯ ಬಾಗಿಲು ತಟ್ಟಬೇಕು. ಒಂದೊಂದು ಬಾಗಿಲಲ್ಲಿ ಒಂದೊಂದು ಉತ್ತರ.

ಕಳಲೆ ಒಂದೇ ಅಲ್ಲ. ತಿ. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿತ್ತು. ಈಗ ಗ್ರಾಮ ಪಂಚಾಯಿತಿ. ಸೋಮನಾಥಪುರದ ದೇವಾಲಯ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಊರು ಮಾತ್ರ ಹಳ್ಳಿ. ವಿಶ್ವಕ್ಕೆ ಪರಂಪರೆ, ನಮಗೆ ಗ್ರಾಮಠಾಣ.

ಈಗ ಜನಗಣತಿಯವರ ಬಳಿಗೆ ಹೋಗೋಣ. ಅವರು ರಾಜ್ಯಪಾಲರನ್ನು ಪೂರ್ತಿ ನಂಬುವವರಲ್ಲ. ತಮ್ಮದೇ ಮೊಳಕೋಲು ಇಟ್ಟುಕೊಂಡಿದ್ದಾರೆ. ಊರಿನಲ್ಲಿ ಕನಿಷ್ಠ 5,000 ಜನ ಇರಬೇಕು. ಚದರ ಕಿಲೋಮೀಟರಿಗೆ ಕನಿಷ್ಠ 400 ಮಂದಿ ಇರಬೇಕು. ಮುಖ್ಯ ದುಡಿಮೆಗಾರ ಗಂಡಸರಲ್ಲಿ ಕನಿಷ್ಠ ಶೇ 75 ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸ ಮಾಡುತ್ತಿರಬೇಕು. ಮೂರೂ ಇದ್ದರೆ ಅದು ಪಟ್ಟಣ. ಈ ಅಳತೆಯ ಬುಡ 1961ರ ಗಣತಿಯಲ್ಲಿದೆ. ಆಗ ಚದರ ಮೈಲಿಗೆ 1,000 ಜನ ಎಂದಿತ್ತು. ಆಮೇಲೆ ಅದನ್ನು ಕಿಲೋಮೀಟರಿಗೆ ಇಳಿಸಿದರು. ಅರವತ್ತು ವರ್ಷದಲ್ಲಿ ದೇಶವೇ ತಲೆಕೆಳಗಾಯಿತು. ಮೊಳಕೋಲಿನಲ್ಲಿ ಕಣ್ಣಿಗೆ ಬೀಳುವಂಥ ಬದಲಾವಣೆ ಅಂದರೆ ಮೈಲಿ ಹೋಗಿ ಕಿಲೋಮೀಟರ್ ಬಂದದ್ದು.

ಗಂಡಸರು ಅಂದದ್ದನ್ನು ಇನ್ನೊಮ್ಮೆ ಓದಿ. ಹೆಂಗಸರು ಲೆಕ್ಕಕ್ಕಿಲ್ಲ. ನಾಟಿ ಹಾಕುವವಳು, ಕಳೆ ಕೀಳುವವಳು, ಕತ್ತಲಲ್ಲೇ ಎದ್ದು ಡಬ್ಬಿ ಕಟ್ಟಿ ಗಾರ್ಮೆಂಟ್ಸ್ ವ್ಯಾನು ಹತ್ತುವವಳು, ಯಾರೂ ಇಲ್ಲ. ಊರಿನ ಹೆಂಗಸರೆಲ್ಲ ಫ್ಯಾಕ್ಟರಿಗೆ ಹೋಗಿ ಪಿಎಫ್ ಕಟ್ಟುತ್ತಿದ್ದರೂ ಅಷ್ಟೇ. ಗಂಡ ಗದ್ದೆ ಬದುವಿನ ಮೇಲೆ ಬೀಡಿ ಸೇದುತ್ತ ಕೂತು ಗಣತಿಯವರಿಗೆ ‘ಬೇಸಾಯ’ ಅಂದರೆ ಮುಗಿಯಿತು, ಊರು ಹಳ್ಳಿಯೇ. ದುಡಿಯುವವಳು ಅವಳು, ಊರಿನ ದರ್ಜೆ ನಿರ್ಧರಿಸುವವನು ಅವನು. ಮನೆಯೊಳಗೆ ಇರುವ ನ್ಯಾಯವನ್ನೇ ಸರ್ಕಾರ ದೇಶಕ್ಕೂ ಹಾಸಿದೆ.

ಸಾಂದ್ರತೆಯದು ಇನ್ನೂ ಚೆನ್ನ. ಕಬಿನಿ ನಾಲೆಯ ನೀರು ಕುಡಿಯುವ ಊರುಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಪಕ್ಕದ ಮನೆಯ ಒಗ್ಗರಣೆಗೆ ಈ ಮನೆಯವರು ಸೀನುತ್ತಾರೆ. ಆದರೆ ಊರಿನ ಎಲ್ಲೆಯೊಳಗೆ ನೂರಾರು ಎಕರೆ ಗದ್ದೆ ಇದೆಯಲ್ಲ, ಅದನ್ನೂ ಸೇರಿಸಿ ಭಾಗಿಸುತ್ತಾರೆ. ಭತ್ತದ ಗದ್ದೆಯಲ್ಲಿ ಯಾರೂ ಮಲಗುವುದಿಲ್ಲ. ಕಾಗದದಲ್ಲಿ ಮಾತ್ರ ಊರಿಗೆ ಊರೇ ಕೆಸರಿನಲ್ಲಿ ಸಮನಾಗಿ ಹರಡಿಕೊಂಡು ಮಲಗಿರುತ್ತದೆ. (ತಿರುಮಕೂಡಲಿನ ಸಂಗಮದಲ್ಲಿ ಕುಂಭಮೇಳದ ದಿನ ಇದೇ ಭಾಗಾಕಾರ ಮಾಡಿದರೆ ನದಿಗೇ ಮಹಾನಗರಪಾಲಿಕೆ ಕೊಡಬೇಕಾಗುತ್ತದೆ.)

ಇಷ್ಟೆಲ್ಲ ಪರೀಕ್ಷೆ ಪಾಸಾದ ಊರಿಗೆ ಏನು ಸಿಗುತ್ತದೆ? ‘ಗಣತಿ ಪಟ್ಟಣ’ ಎಂಬ ಬಿರುದು. ಚರಂಡಿ ಸಿಗುವುದಿಲ್ಲ, ಬೀದಿದೀಪ ಸಿಗುವುದಿಲ್ಲ, ಪುರಸಭೆಯಂತೂ ಇಲ್ಲವೇ ಇಲ್ಲ. ಅದನ್ನು ಆಳುವುದು ಅದೇ ಹಳೆಯ ಗ್ರಾಮ ಪಂಚಾಯಿತಿ. 2001ರಲ್ಲಿ ದೇಶದಲ್ಲಿ ಇಂಥ ಗಣತಿ ಪಟ್ಟಣಗಳು 1,362 ಇದ್ದವು. 2011ಕ್ಕೆ ಸುಮಾರು 3,900 ಆದವು. ಕರ್ನಾಟಕದಲ್ಲೇ 44 ಇದ್ದದ್ದು 127. ದಿಲ್ಲಿಯಲ್ಲಿ ಭಾಷಣ ಮಾಡುವವರು ಭಾರತ ನಗರೀಕರಣಗೊಳ್ಳುತ್ತಿದೆ ಎಂದು ಎದೆ ತಟ್ಟಿಕೊಂಡರು. ಹಳ್ಳಿಗೆ ಒಂದು ಇಟ್ಟಿಗೆ ಇಡದೆ ಪಟ್ಟಣ ಕಟ್ಟಿದ ಕೀರ್ತಿ ಜಗತ್ತಿನಲ್ಲಿ ಬೇರೆ ಯಾರಿಗಿದೆ?

ಇನ್ನು ಬೆಂಗಳೂರು. ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಬರೆದಾಗ ಗ್ರಾಮ ಪಂಚಾಯಿತಿ ಅಂದರೆ 5,000ದಿಂದ 7,000 ಜನ ಎಂದರು. ದಿಲ್ಲಿಗೆ ಪಟ್ಟಣ ಶುರುವಾಗುವ ಅಂಕಿಯಲ್ಲೇ ಬೆಂಗಳೂರಿಗೆ ಹಳ್ಳಿ ಶುರು. 10,000 ದಾಟಿದರೆ ಪಟ್ಟಣ ಪಂಚಾಯಿತಿ, 20,000 ದಾಟಿದರೆ ಪುರಸಭೆ, 50,000 ದಾಟಿದರೆ ನಗರಸಭೆ. ಇಲ್ಲಿ ಬೇಸಾಯ ಬಿಟ್ಟವರು ಶೇ 50 ಇದ್ದರೆ ಸಾಕು, ಹೆಂಗಸರೂ ಲೆಕ್ಕಕ್ಕೆ ಬರುತ್ತಾರೆ. ಪುಣ್ಯಾತ್ಮರು. ರಿಸರ್ವ್ ಬ್ಯಾಂಕಿನವರಿಗೆ 10,000 ದಾಟಿದರೂ ಪೂರ್ತಿ ಪಟ್ಟಣವಲ್ಲ, ಅರೆಪಟ್ಟಣ. ಒಂದು ಲಕ್ಷ ಆಗುವವರೆಗೂ ಅರೆ. ಸ್ವೀಡನ್ನಿನಲ್ಲಿ ಒತ್ತಾಗಿ ಕಟ್ಟಿದ ಮನೆಗಳಲ್ಲಿ 200 ಜನ ಇದ್ದರೆ ಅದು ಪಟ್ಟಣ ಪ್ರದೇಶವಂತೆ. ನಮ್ಮ ಕಡೆ ಬೀಗರೂಟದ ಮೊದಲ ಪಂಕ್ತಿಗೇ ಅಷ್ಟು ಜನ ಕೂರುತ್ತಾರೆ.

ಇದೆಲ್ಲ ಅಂಕಿಅಂಶದ ತಲೆನೋವು, ನಮಗೇನು ಅನ್ನುವವರಿಗೆ ಒಂದು ಮಾತು. 2014ರಲ್ಲಿ ರಂಗರಾಜನ್ ಸಮಿತಿ ಬಡತನದ ಗೆರೆ ಎಳೆಯಿತು. ದಿನಕ್ಕೆ ಹಳ್ಳಿಯಲ್ಲಿ 32 ರೂಪಾಯಿ, ಪಟ್ಟಣದಲ್ಲಿ 47 ರೂಪಾಯಿ. ಅಂದರೆ ಆಗ ದಿನಕ್ಕೆ 40 ರೂಪಾಯಿ ಖರ್ಚು ಮಾಡುವವನು ಕಳಲೆಯಲ್ಲಿ ಬಡವನಲ್ಲ. ಬಸ್ಸು ಹತ್ತಿ ನಂಜನಗೂಡಿಗೆ ಬಂದು ಮನೆ ಮಾಡಿದರೆ ಬಡವ. ಸಾಮಾನು ಸರಂಜಾಮು ಕಟ್ಟಿಕೊಂಡು ವಾಪಸ್ ಹೋದರೆ ಮತ್ತೆ ಅನುಕೂಲಸ್ಥ. ಬಡತನ ನಿರ್ಮೂಲನೆಗೆ ಸಾರಿಗೆ ಬಸ್ಸೇ ಸಾಕಾಗಿತ್ತು, ಯೋಜನಾ ಆಯೋಗವನ್ನು ಸುಮ್ಮನೆ ಇಟ್ಟುಕೊಂಡಿದ್ದರು.

ಹಳ್ಳಿಯಲ್ಲಿ ಬದುಕು ಅಗ್ಗ ಎಂದು ಇವರಿಗೆ ಹೇಳಿದವರು ಯಾರು? ಎಣ್ಣೆ, ಬೇಳೆ, ಸೋಪು ಎಲ್ಲ ನಂಜನಗೂಡಿನ ಸಗಟು ಅಂಗಡಿಯಿಂದಲೇ ಬರಬೇಕು. ಟೆಂಪೊ ಬಾಡಿಗೆ ಸೇರಿಸಿ ಪೆಟ್ಟಿಗೆ ಅಂಗಡಿಯವನು ಒಂದು ರೂಪಾಯಿ ಜಾಸ್ತಿಯೇ ತೆಗೆದುಕೊಳ್ಳುತ್ತಾನೆ. ಡಾಕ್ಟರಿಗೆ ಪಟ್ಟಣಕ್ಕೆ ಹೋಗಬೇಕು, ಆಟೊಗೆ ಬೇರೆ ಕೊಡಬೇಕು. ಅಗ್ಗವಾಗಿ ಸಿಗುವುದು ಗಾಳಿ. ಅದನ್ನೂ ಕೈಗಾರಿಕಾ ಪ್ರದೇಶ ಬಂದ ಮೇಲೆ ಮೂಸಿ ನೋಡಿ ಹೇಳಬೇಕು.

ನನ್ನ ಪಿತ್ತ ನೆತ್ತಿಗೇರಿಸುವುದು ಗ್ರಾಮೀಣ ಸರ್ಟಿಫಿಕೇಟು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15 ಸೀಟು. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಶೇ 25 ಹುದ್ದೆ. ಒಳ್ಳೆಯದೇ. ಬೇಡ ಅನ್ನುವ ಪಾಪಿ ನಾನಲ್ಲ. ಆದರೆ ಗ್ರಾಮೀಣ ಅಭ್ಯರ್ಥಿ ಯಾರು? ಹಳ್ಳಿಯಲ್ಲಿ ಹುಟ್ಟಿದವನೇ? ಅಲ್ಲ. ಹಳ್ಳಿಯಲ್ಲಿ ಬದುಕುವವನೇ? ಅಲ್ಲ. ಅಪ್ಪ ಬೇಸಾಯಗಾರನೇ? ಆ ಪ್ರಶ್ನೆಯೇ ಇಲ್ಲ. ಒಂದರಿಂದ ಹತ್ತನೇ ತರಗತಿವರೆಗೆ ಓದಿದ ಶಾಲೆ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಪಾಲಿಕೆಗಳ ಗಡಿಯ ಹೊರಗೆ ಇರಬೇಕು. ಮುಖ್ಯ ಷರತ್ತು ಇದೇ. ಮುಖ್ಯೋಪಾಧ್ಯಾಯರ ರುಜು, ಬಿಇಒ ಮೇಲುರುಜು.

ಕಚೇರಿಯೊಂದರ ಕೌಂಟರಿನ ಮುಂದೆ ನಿಂತಾಗ ಕಿವಿಗೆ ಬಿದ್ದದ್ದು ಇದು.

“ಎಲ್ಲಪ್ಪ ಓದಿದ್ದು?”

“ಏಳರಗಂಟ ಊರಲ್ಲೇ ಸಾರ್. ಎಂಟರಿಂದ ನಂಜನಗೂಡು.”

“ಹಂಗಾದ್ರೆ ರೂರಲ್ ಬರಲ್ಲ.”

“ಸಾರ್, ಮನೆ ಹಳ್ಳೀಲೇ ಇರೋದು. ನಮ್ಮಪ್ಪಂದು ಬೇಸಾಯ. ದಿನಾ ಬಸ್ಸಲ್ಲೋಗಿ ಬತ್ತಿದ್ದೆ.”

“ನೀನು ರೂರಲ್ಲೇ ಕಣಪ್ಪ, ನಾನೆಲ್ಲಿ ಇಲ್ಲ ಅಂದೆ? ನಿನ್ನ ಸ್ಕೂಲು ಅರ್ಬನ್ನು.”

ಗುಮಾಸ್ತರದು ತಪ್ಪಿಲ್ಲ. ನಿಯಮ ಹಾಗೇ ಇದೆ. ಹುಡುಗ ಮೂರು ವರ್ಷ ಸರ್ಕಾರಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಹೋಗಿದ್ದಾನೆ. ಬಸ್ಸು ತಪ್ಪಿದ ದಿನ ನಡೆದಿದ್ದಾನೆ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಸಗಣಿ ಬಾಚಿ, ಕೈ ತೊಳೆದುಕೊಂಡು ಓಡಿದ್ದಾನೆ. ಆದರೂ ಅವನು ಪಟ್ಟಣದವನು. ಯಾಕೆಂದರೆ ಅವನಪ್ಪ ಮಗ ನಾಲ್ಕಕ್ಷರ ಇಂಗ್ಲಿಷು ಕಲಿಯಲಿ ಅಂತ ಆಸೆಪಟ್ಟ. ಹಳ್ಳಿಯವನು ಆಸೆಪಟ್ಟ ದಿನವೇ ಗ್ರಾಮೀಣತೆ ರದ್ದು.

ಈಗ ಇನ್ನೊಂದು ಕಡೆ ನೋಡಿ. ಮೈಸೂರಿನ ಪಾಲಿಕೆ ಗಡಿ ದಾಟಿದ ಕೂಡಲೇ, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಜಮೀನುಗಳಲ್ಲಿ ಭೂಪರಿವರ್ತನೆ ಮಾಡಿಸಿಕೊಂಡು ಎದ್ದ ಶಾಲೆಗಳು. ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಇರುತ್ತದೆ. ವಿಳಾಸದಲ್ಲಿ ಗ್ರಾಮ, ಹೋಬಳಿ ಇರುತ್ತದೆ. ಈಜುಕೊಳ ಇರುತ್ತದೆ, ಕುದುರೆಯೂ ಇದ್ದರೆ ಆಶ್ಚರ್ಯವಿಲ್ಲ. ನಗರದ ಬಡಾವಣೆಗಳಿಂದ ಎಸಿ ಬಸ್ಸಿನಲ್ಲಿ ಮಕ್ಕಳು ಬರುತ್ತಾರೆ. ಎಮ್ಮೆ ಅಡ್ಡ ಬಂದರೆ ಕಿಟಕಿಯಿಂದ ಫೋಟೊ ತೆಗೆಯುತ್ತಾರೆ. ಹತ್ತು ವರ್ಷ ಅಲ್ಲೇ ಓದಿದರೆ, ನಿಯಮದ ಅಕ್ಷರ ಹಿಡಿದು ನೋಡಿದರೆ, ಅವರು ಗ್ರಾಮೀಣರು.

ಶಾಲೆಯ ಲೆಕ್ಕದಲ್ಲಿ, ಫೀಸು ಲಕ್ಷಗಟ್ಟಲೆ ಕಟ್ಟಿದ ಅಪ್ಪ ಗ್ರಾಮೀಣ ಕೋಟಾ ಕೇಳಬಹುದು. ಬಸ್ ಪಾಸಿಗೆ ಕ್ಯೂ ನಿಂತವನ ಮಗ ಕೇಳುವ ಹಾಗಿಲ್ಲ. ಈ ನಿಯಮ ಬರೆದವರಿಗೆ ಇದು ಹೊಳೆಯಲೇ ಇಲ್ಲವೇ? ಹೊಳೆಯದೆ ಏನು. ಅವರ ಮಕ್ಕಳೂ ಎಲ್ಲೋ ಓದಿಯೇ ಇರುತ್ತಾರಲ್ಲ.

ಜಮೀನಿನ ವಿಷಯಕ್ಕೆ ಬಂದರೆ ಹಳ್ಳಿಯಾಗಿರುವುದು ಲಾಭ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಹಳ್ಳಿಯ ಜಮೀನಿನ ಮಾರುಕಟ್ಟೆ ಬೆಲೆಯನ್ನು ಎರಡರವರೆಗೆ ಗುಣಿಸಬಹುದು. ಪಟ್ಟಣದ ಜಮೀನಿಗೆ ಗುಣಕ ಒಂದೇ. ಹಾಗಾದರೆ ಮೊದಲು ಊರನ್ನು ಪಟ್ಟಣ ಅಂತ ಘೋಷಿಸಿ ಆಮೇಲೆ ಜಮೀನು ಹಿಡಿದರೆ ಖಜಾನೆಗೆ ಎಷ್ಟು ಉಳಿಯುತ್ತದೆ? ನಾನು ಸಲಹೆ ಕೊಡುತ್ತಿಲ್ಲ. ಅಷ್ಟು ಬುದ್ಧಿ ಅಲ್ಲಿ ಈಗಾಗಲೇ ಇದೆ.

ನಂಜನಗೂಡಿನಿಂದ ಮೈಸೂರಿನ ಕಡೆ ಒಮ್ಮೆ ಹೋಗಿ ಬನ್ನಿ. ತಾಂಡವಪುರ, ಇಮ್ಮಾವು, ಅಡಕನಹಳ್ಳಿ. ಈ ಸೀಮೆಯ ಕಾರ್ಖಾನೆಗಳಲ್ಲಿ ನೂಡಲ್ಸು, ಪೇಂಟು, ಔಷಧಿ, ಸರ್ಕ್ಯೂಟ್ ಬೋರ್ಡು ಆಗುತ್ತವೆ. ಆಸ್ಟ್ರಿಯಾದ ಕಂಪನಿಯೂ ಇದೆ, ಸ್ವಿಟ್ಜರ್ಲೆಂಡಿನದೂ ಇದೆ. ಕಾಂಪೌಂಡಿನ ಒಳಗೆ ಮೂರು ಪಾಳಿ, ಹೊರಗೆ ಗ್ರಾಮ ಪಂಚಾಯಿತಿ. ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶ ಅಂತ ಒಂದು ನಕ್ಷೆ ಇದೆ. ಅದರಲ್ಲಿ ಬಣ್ಣ ಬಳಿದಿದ್ದಾರೆ. ನಕ್ಷೆಯ ಹಳದಿಯಲ್ಲಿ ಅದು ವಸತಿ, ಪಹಣಿಯಲ್ಲಿ ಅದು ಭತ್ತ. ರೈತ ಮನೆ ಕಟ್ಟಲು ಹೋದರೆ ಪ್ರಾಧಿಕಾರ ನಗರದ ನಿಯಮ ಓದಿಸುತ್ತದೆ, ಚರಂಡಿ ಕೇಳಲು ಹೋದರೆ ನೀವು ಪಂಚಾಯಿತಿಯವರು ಅನ್ನುತ್ತದೆ.

ಕಡಕೊಳದವರನ್ನು ಕೇಳಿ. ಅದೇ ರಸ್ತೆಯ ಊರು. 2020ರ ಕೊನೆಯಲ್ಲಿ ಪಟ್ಟಣ ಪಂಚಾಯಿತಿ ಆಯಿತು. ಜೊತೆಗೆ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ. ಹೂಟಗಳ್ಳಿಯಂತೂ ಒಂದೇ ನೆಗೆತಕ್ಕೆ ನಗರಸಭೆ. ಯಾವ ಊರೂ ಜಾಗ ಬಿಟ್ಟು ಕದಲಲಿಲ್ಲ. ಕೊಟ್ಟಿಗೆ ಅಲ್ಲೇ, ತಿಪ್ಪೆ ಅಲ್ಲೇ, ಮಾರಿಗುಡಿ ಅಲ್ಲೇ. ಆದರೆ ಉದ್ಯೋಗ ಖಾತ್ರಿಯ ಜಾಬ್ ಕಾರ್ಡು ರದ್ದಿ ಕಾಗದವಾಯಿತು, ಯಾಕೆಂದರೆ 2005ರ ಕಾಯ್ದೆ ಖಾತ್ರಿ ಕೊಟ್ಟದ್ದು ಗ್ರಾಮೀಣ ಕುಟುಂಬಕ್ಕೆ. ಇ-ಸ್ವತ್ತು ಹೋಗಿ ಇ-ಆಸ್ತಿ ಬಂತು, ಖಾತೆಗೆ ಇನ್ನೊಮ್ಮೆ ಅಲೆದಾಟ. ಎಲ್ಲಕ್ಕಿಂತ ದೊಡ್ಡದು ಗ್ರಾಮಸಭೆ ಹೋದದ್ದು. ಹಳ್ಳಿಯಲ್ಲಿ ಯಾರು ಬೇಕಾದರೂ ಎದ್ದು ನಿಂತು ‘ಅದೆಲ್ಲೋಯ್ತು ಕಾಸು?’ ಅಂತ ಕೇಳಬಹುದಿತ್ತು. ಪಟ್ಟಣದವನಾದ ಮೇಲೆ ಹಾಗೆಲ್ಲ ಕೇಳಬಾರದು. ಪಟ್ಟಣದವರು ಅರ್ಜಿ ಕೊಡುತ್ತಾರೆ, ಆಡಳಿತಾಧಿಕಾರಿಗಳು ಹಿಂಬರಹ ಕೊಡುತ್ತಾರೆ.

ಈಗ ಬೃಹತ್ ಮೈಸೂರಿನ ಮಾತು ನಡೆದಿದೆ. ಅಲ್ಲಿಗೆ ಇವರು ಮಹಾನಗರದವರಾಗುತ್ತಾರೆ. ಅಜ್ಜಿ ಒಂದೇ ಜಗಲಿಯ ಮೇಲೆ ಕೂತು ಎಲೆಅಡಿಕೆ ಮೆಲ್ಲುತ್ತಲೇ ಗ್ರಾಮ, ಪಟ್ಟಣ, ಮಹಾನಗರ ಮೂರನ್ನೂ ಕಾಣುತ್ತಾಳೆ. ನಲ್ಲಿ ನೀರು ಮಾತ್ರ ಆಗಲೂ ದಿನಬಿಟ್ಟು ದಿನ, ಈಗಲೂ ದಿನಬಿಟ್ಟು ದಿನ.

ಕುಡಿಯುವ ಇನ್ನೊಂದು ದ್ರವದ ವಿಷಯದಲ್ಲಿ ನಮ್ಮ ವ್ಯವಸ್ಥೆ ಚುರುಕು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಎಂದಿತು. ಆಮೇಲೆ 20,000 ಜನಕ್ಕಿಂತ ಹೆಚ್ಚಿಲ್ಲದ ಊರುಗಳಿಗೆ 220 ಮೀಟರ್ ಸಾಕು ಎಂದಾಯಿತು. 2017ರ ಜುಲೈ ಹೊತ್ತಿಗೆ ಪುರಸಭೆ, ನಗರಸಭೆ ವ್ಯಾಪ್ತಿಗೆ ಈ ಆದೇಶವೇ ಅನ್ವಯಿಸದು ಎಂದಾಯಿತು. ಅಂದರೆ ಪಟ್ಟಣದಲ್ಲಿ ಕುಡಿದವನು ಹೆದ್ದಾರಿಯಲ್ಲಿ ನೆಟ್ಟಗೆ ಓಡಿಸುತ್ತಾನೆ, ಹಳ್ಳಿಯಲ್ಲಿ ಕುಡಿದವನು ಸೊಟ್ಟಗೆ. ಊರಿನ ದರ್ಜೆ ಏನೆಂಬ ಪ್ರಶ್ನೆಗೆ ಇಷ್ಟು ಬೇಗ ಪರಿಹಾರ ಸಿಕ್ಕಿದ್ದು ಇದೊಂದೇ ಸಂದರ್ಭದಲ್ಲಿ.

ಮತ್ತೆ ಈ ಎಲ್ಲ ಕಚೇರಿಗಳೂ ತಿರುವಿ ಹಾಕುವುದು ಯಾವ ಲೆಕ್ಕವನ್ನು? 2011ರದು. 2021ರ ಗಣತಿ ನಡೆಯಲೇ ಇಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಅಂತ ದಿನ ಗೊತ್ತು ಮಾಡಿದ್ದಾರೆ. 2011ರಲ್ಲಿ ಅಂಗನವಾಡಿಗೆ ಹೋಗುತ್ತಿದ್ದ ಹುಡುಗಿ ಈಗ ಓಟು ಹಾಕುವ ವಯಸ್ಸಿಗೆ ಬಂದಿದ್ದಾಳೆ. ಸರ್ಕಾರದ ಪ್ರಕಾರ ಅವಳಿನ್ನೂ ಸ್ಲೇಟು ಹಿಡಿದು ಕೂತಿದ್ದಾಳೆ.

ಊರಿನ ದರ್ಜೆಯ ಬಗ್ಗೆ ಯಾವ ಗೊಂದಲವೂ ಇಲ್ಲದ ಒಬ್ಬನೇ ಒಬ್ಬ ಮನುಷ್ಯನಿದ್ದಾನೆ. ಸೈಟು ಬ್ರೋಕರು. ಅವನಿಗೆ ಗಣತಿ ಬೇಡ, ರಾಜ್ಯಪಾಲರು ಬೇಡ. ಗದ್ದೆ ನಡುವೆ ಕಲ್ಲು ನೆಟ್ಟು ‘ಮೈಸೂರಿನಿಂದ ಕೇವಲ 25 ನಿಮಿಷ’ ಅಂತ ಬೋರ್ಡು ಹಾಕಿದ್ದಾನೆ. ಬೋರ್ಡಿನ ಕೆಳಗೆ ಎಮ್ಮೆಯೊಂದು ಮೇಯುತ್ತಿರುತ್ತದೆ.

“ಇದು ಹಳ್ಳಿನಾ, ಟೌನಾ?” ಅಂತ ಕೇಳಿದೆ.

“ರೇಟು ಟೌನಿಂದು ಸಾರ್. ರಿಜಿಸ್ಟ್ರಿಗೆ ಹಳ್ಳಿ ಗೈಡ್‌ಲೈನ್ ವ್ಯಾಲ್ಯೂ ಹಾಕುಸ್ಬುಡನ.”

“ಸ್ಟಾಂಪ್ ಡ್ಯೂಟಿ ಮೇಲೆ ಸರ್ಚಾರ್ಜು ಟೌನಲ್ಲಿ ಎರಡು ಪರ್ಸೆಂಟು, ಹಳ್ಳೀಲಿ ಮೂರು. ಹಳ್ಳಿಗೇ ಜಾಸ್ತಿ ಅಲ್ವೇನಪ್ಪ?”

“ಅದಕ್ಯಾಕೆ ತಲೆ ಕೆಡಿಸ್ಕೊತೀರಾ? ಅದನ್ನ ಕಟ್ಟೋರು ನೀವು ತಾನೆ ಸಾರ್.”